ದಡದ ವಾಸನೆ

ನಡುಗಡಲಲ್ಲಿ ಬೆಳಗಿನಿಂದ ದಟ್ಟ ಮಂಜು. ಜಿಪಿಎಸ್ ಕೆಟ್ಟಿತ್ತು. ಸಣ್ಣ ದೋಣಿಯಲ್ಲಿ ಭಾವ, ಬಾಮೈದ ಇಬ್ಬರೇ.

"ಒಂದ್ ಕಂಪಾಸ್ ಇಟ್ಕಣಿ ಅಂದ್ರೆ ನೀವ್ ಕೇಂಬುದೇ ಇಲ್ಲ ಭಾವ." ಬಾಮೈದ ಕೆಟ್ಟ ಜಿಪಿಎಸ್ಸನ್ನು ಮತ್ತೆ ಕುಟ್ಟಿದ. "ನಿಮ್ಮಣ್ಣನೂ ಹೀಂಗೇ ಬರಿಗೈಯಲ್ಲಿ ಹೋದವ್ರು. ವಾರ ಆಯ್ತ್, ಬರ್ಲಿಲ್ಲ."

"ಬಾಯ್ಮುಚ್ಚ್! ಅಣ್ಣ ಬತ್ತ. ನಂಗೆ ದಾರಿ ಕಲ್ಸಿದ್ದೇ ಅವ. ಕಣ್ಣಿಗೆ ಕಾಣ್ದಿದ್ರೂ ಮೂಗಿಗೆ ದಡ ಸಿಕ್ಕತ್ತ್. ಮೀನೆಣ್ಣೆ ಫ್ಯಾಕ್ಟರಿ ನಾತ ಹಿಡ್ಕಂಡ್ ಹೋದ್ರೆ ಸೀದಾ ನಮ್ಮ್ ಬಂದರಿಗೇ."

"ಡೀಸೆಲ್ ತಳ ಕಂಡಿತ್ತ್ ಭಾವ. ದಿಕ್ಕ್ ತಪ್ಪಿರೆ ಮತ್ತೆ ತಿರ್ಗುಕಾತಿಲ್ಲ."

ಭಾವ ಎಂಜಿನ್ ನಿಲ್ಲಿಸಿ, ಮೂಗೆತ್ತಿ ನಿಂತರು. ಬಾಮೈದ ಕಂಡಕಂಡ ದೇವರಿಗೆಲ್ಲ ಹರಕೆ ಹೊತ್ತ. ಕೊನೆಗೆ ಗಾಳಿ ತಿರುಗಿತು. ಕೊಳೆತ ಮೀನಿನ ನಾತ ಗಪ್ಪನೆ ಮುಖಕ್ಕೆ ಹೊಡೆಯಿತು.

"ಬಂತಾ? ಈಗೆಂತ ಹೇಳ್ತೆ?"

ಬಾಮೈದ ಅತ್ತೇಬಿಟ್ಟ.

ಉಳಿದ ಡೀಸೆಲ್ ಅಷ್ಟನ್ನೂ ಆ ದಿಕ್ಕಿಗೇ ಉರಿಸಿದರು. ನಾತ ಮೂಗು ಮುಚ್ಚಿಕೊಳ್ಳುವಷ್ಟು ಹತ್ತಿರವಾದಾಗ ಎಂಜಿನ್ ಕೆಮ್ಮಿ ನಿಂತಿತು.

"ಹೆದ್ರಬೇಡ. ದಡ ಇಲ್ಲೇ ಇತ್ತ್."

ಮಂಜು ಸರಿಯಿತು. ಎದುರಿಗೆ ತೇಲುತ್ತಿದ್ದದ್ದು ಅಣ್ಣನ ದೋಣಿ. ಅದರ ತುಂಬ ವಾರದ ಹಿಂದಿನ ಮೀನಿತ್ತು, ಆಳಿರಲಿಲ್ಲ.