ಎಳೆಯರ ಪಂಕ್ತಿ

ಹುಟ್ಟುವಾಗ ಎಲ್ಲರ ಉಗುರೂ ಹಸಿರು. ಮನಸ್ಸು ಮಾಗಿದ ದಿನ ಅದು ಹಳದಿಗೆ ತಿರುಗುತ್ತದೆ. ಕೆಲವರಿಗೆ ಹದಿನಾರಕ್ಕೇ, ಕೆಲವರಿಗೆ ಬಹಳ ತಡವಾಗಿ. ಸರಸಮ್ಮನಿಗೆ ಅರವತ್ತು ದಾಟಿದರೂ ತಿರುಗಿರಲಿಲ್ಲ. ಹಾಗಾಗಿ ಮನೆಯ ಊಟಗಳಲ್ಲಿ ಅವಳ ಎಲೆ ಮಕ್ಕಳ ಪಂಕ್ತಿಯಲ್ಲಿ, ಮೊಮ್ಮಗಳು ಇಂಚರಳ ಪಕ್ಕ. ಹಿರಿಯರ ಪಂಕ್ತಿಯಲ್ಲಿ ಮಜ್ಜಿಗೆ ಸುರಿಯುವ ಸದ್ದಷ್ಟೇ ಕೇಳುತ್ತಿತ್ತು.

ಇವತ್ತು ಬೆಳಿಗ್ಗೆ ಅವಳ ಕಿರುಬೆರಳಿನ ಉಗುರು ಹಳದಿಯಾಗಿತ್ತು. ಯಾರಾದರೂ ಕಂಡರೆ ಇಂಚರಳ ಪಕ್ಕದ ಜಾಗ ಮುಗಿದಂತೆ.

ತಂಗಿ ಪದ್ಮಾವತಿ ಬಾಗಿಲಲ್ಲಿ ನಿಂತು ಎಲ್ಲರ ಕೈ ನೋಡಿ ಕೂರಿಸುತ್ತಿದ್ದಳು. ಸರಸಮ್ಮ ಅಡುಗೆಮನೆಗೆ ನುಗ್ಗಿ, ಕೊತ್ತಂಬರಿ ಚಟ್ನಿಯಲ್ಲಿ ಬೆರಳು ಅದ್ದಿಕೊಂಡು ಬಂದಳು.

"ಇದೇನಕ್ಕಾ ಅವತಾರ?"

"ರುಚಿ ನೋಡ್ದೆ ಕಣೇ. ಉಪ್ಪು ಕಮ್ಮಿ."

"ಈ ವಯಸ್ಸಲ್ಲಿ! ಈ ಸಲವಾದ್ರೂ ನನ್ನ ಪಕ್ಕ ಕೂರ್ತೀಯ ಅಂದ್ಕೊಂಡಿದ್ದೆ. ಹೋಗು, ಮಕ್ಕಳ ಜೊತೆನೇ ಕೂತ್ಕೋ."

ಇಂಚರ ಸರಿದು ಜಾಗ ಬಿಟ್ಟಳು. "ಅಜ್ಜಿ, ನಿನ್ನ ಹಪ್ಪಳ ನಂಗೆ."

"ಕೊಡಲ್ಲ ಹೋಗೇ."

ಊಟವಾದ ಮೇಲೆ ಸರಸಮ್ಮ ಹಿತ್ತಿಲಲ್ಲಿ ಒಬ್ಬಳೇ ನಿಂತು, ಹೆದರುತ್ತಲೇ ಕೈ ತೊಳೆದಳು. ಚಟ್ನಿ ಪೂರ್ತಿ ಹೋಯಿತು. ಉಗುರಿನ ಹಸಿರು ಹೋಗಲಿಲ್ಲ.