ಮಣ್ಣು ಯಾರದು?

ಬಾಗಿಲಲ್ಲಿ ನೆರಳು ಬಿದ್ದರೂ ಅಜಯಕುಮಾರ ತಲೆ ಎತ್ತಲಿಲ್ಲ. ರೈತರ ನೆರಳಿಗೆಲ್ಲ ತಲೆ ಎತ್ತುತ್ತ ಕೂತರೆ ಕುತ್ತಿಗೆ ಉಳಿದೀತೆ?

"ಮಣ್ಣು ಕೊಡಾಕ ಬಂದೀನ್ರಿ, ಸಾಹೇಬ್ರ."

ಕೃಷಿ ಕಾಲೇಜಿನ ಮಣ್ಣು ಪರೀಕ್ಷೆಯ ಕೋಣೆಗೆ ಬರುವವರೆಲ್ಲ ಆಡುವ ಮಾತೇ ಅದು. ಕೇಳಿ ಕೇಳಿ ಅವನ ಕಿವಿ ಜಡ್ಡುಗಟ್ಟಿತ್ತು.

ಮೊದಲೇ ತಲೆ ಕಾದಿತ್ತು. ಹುಬ್ಬಳ್ಳಿ ಬಸ್ಸಿಳಿದು ಬಂದರೆ ಕೋಣೆಯ ಕಸ ಹೊಡೆದಿಲ್ಲ, ನೀರು ತುಂಬಿಲ್ಲ, ಜವಾನ ನಾಪತ್ತೆ. ಆಫೀಸಿಗೂ ಬೀಗ. ವರಾಂಡದಲ್ಲಿ ನರಪಿಳ್ಳೆ ಇಲ್ಲ. ಮೊಬೈಲು ಮುಂಜಾನೆಯಿಂದ ಕುಂಯ್‌ಗುಡುತ್ತಿತ್ತು. ಕಾಲೇಜಿನ ವಾಟ್ಸಾಪ್ ಗುಂಪಿನ ಹರಟೆಯೆಂದು ಅದರ ಬಾಯಿ ಮುಚ್ಚಿಸಿದ್ದ. ಕೆಲಸಗಳ್ಳರು!

ಅವನು ಹುಟ್ಟಿದ್ದು ಬೆಟಗೇರಿಯ ಮಗ್ಗದ ಓಣಿಯಲ್ಲೇ. ಪಿಎಚ್‌ಡಿ ಆದ ಮೇಲೆ ಆ ಓಣಿಯ ಮಾತನ್ನು ಹಳೇ ಅಂಗಿಯ ಹಾಗೆ ಕಳಚಿ ಒಗೆದಿದ್ದ. ಹೊಲಕ್ಕೆ ಕಾಲಿಡುವುದು ಫೋಟೊ ತೆಗೆಸಿಕೊಳ್ಳಲು. ತಿರುಗಿ ಬಂದರೆ ಬೂಟು ಒರೆಸಲು ಜವಾನ ಬೇಕು.

ಕೊನೆಗೂ ಕಣ್ಣೆತ್ತಿದ. ಸೊರಗಿದ ಮುದುಕ. ಹೆಗಲ ಮೇಲೆ ಒಗೆದ ಟವೆಲ್ಲು, ಕಿಸೆಯಲ್ಲಿ ಇಣುಕುವ ಊದಿನಕಡ್ಡಿ. ಕೈ ಖಾಲಿ. ಮಣ್ಣಿನ ಪರೀಕ್ಷೆಗೂ ಪೂಜೆ ಮಾಡುವ ಜನ, ಎಂದು ತುಟಿ ಕೊಂಕಿಸಿದ.

"ಮಣ್ಣು ಯಾರದು?"

"ಹನುಮಪ್ಪಂದ್ರಿ."

"ಅವನೇ ಬರಬಾರದಿತ್ತೆ?"

"ಅವಗ ಇನ್ನ ಎಲ್ಲಿ ಬರಾಕ ಆಗತೈತ್ರಿ?"

"ಓಹೋ, ಭಾರಿ ಸಾಹುಕಾರ! ಚೀಲ ಎಲ್ಲಿ?"

"ಚೀಲ ಯಾಕ್ರಿ? ಮುಷ್ಟೀಲೆ ಹಾಕ್ತೀನಿ."

"ಮುಷ್ಟಿಯಂತೆ! ಅರ್ಧ ಕಿಲೋ ಬೇಕು. ಗುಣಿ ತೋಡಿದ್ದೀರೋ ಇಲ್ಲವೋ?"

"ತೋಡ್ಯಾರಂತ್ರಿ, ಮುಂಜಾನೇನ."

"ಒಂದು ಗೇಣು ಸಾಕು. ಜಾಸ್ತಿ ತೋಡಬಾರದು."

ಮುದುಕ ಬಾಯಿ ತೆರೆದವನು ಮುಚ್ಚಲು ಮರೆತ. "ಗೇಣು ಹೆಂಗ ಸಾಕಾಗತೈತ್ರಿ, ಯಪ್ಪಾ?"

"ಪುಸ್ತಕ ನೀನು ಓದಿದ್ದೀಯೋ, ನಾನು ಓದಿದ್ದೀನೋ?"

ಮುದುಕ ಕೈ ಮುಗಿದ. "ಹಮ್ಮಿಗಿಯಿಂದ ಬಂದೀನ್ರಿ. ಫೋನಿನ್ಯಾಗ ಕಾಲೇಜಿಗೆ ಬಾ ಅಂದ್ರು. ಮುಂದ ಎಲ್ಲಿ ಹೋಗಬೇಕ್ರಿ? ಹೊತ್ತ ಮೀರಿದ್ರ ಮತ್ತ ಕೊಡಾಕ ಸಿಗಂಗಿಲ್ಲ. ಜಲ್ದಿ ಹೇಳ್ರಿ."

"ಎಲ್ಲಿಗೂ ಬೇಡ. ಆ ಬೆಂಚಿನ ಮೇಲೆ ಕೂತಿರು. ಕರೆದಾಗ ಬಾ."

ಕಲಿತವರು ಹೇಳಿದ ಮೇಲೆ ಎದುರಾಡುವುದುಂಟೆ? ಮುದುಕ ಹೋಗಿ ಕೂತ. ಕಾಲೇಜಿನ ಹೊಲದಾಚೆ ಎಲ್ಲೋ ಭಜನೆಯ ತಾಳ ಕೇಳಿಬಂತು. ಕೆಲಸವಿಲ್ಲದ ಜನ, ಎಂದು ಅಜಯಕುಮಾರ ಕಿಟಕಿ ಹಾಕಿದ.

ಮುದುಕ ಮತ್ತೆ ಬಂದು ಇಣುಕಿದ. "ಕರದ್ರೇನ್ರಿ?"

"ಜವಾನ ಬರಲಿ. ನಿಮ್ಮ ಮಣ್ಣು ಜರಡಿ ಹಿಡಿಯುವುದು ಅವನ ಕೆಲಸ, ನನ್ನದಲ್ಲ. ಬರಲಿ ಇವತ್ತು, ಚರ್ಮ ಸುಲಿಯುತ್ತೇನೆ."

ಹೆಸರು ಹಿಡಿದು ಬೈಯೋಣವೆಂದರೆ ಜವಾನನ ಹೆಸರು ಗೊತ್ತಿರಲಿಲ್ಲ. 'ಲೇ' ಎಂದರೆ ಓಡಿ ಬರುವವನಿಗೆ ಹೆಸರು ಯಾತಕ್ಕೆ?

ಮುದುಕ ಟವೆಲ್ಲಿನಿಂದ ಕಣ್ಣೊರೆಸಿಕೊಂಡು ಮತ್ತೆ ಬೆಂಚು ಹಿಡಿದ. ಭಜನೆ ಜೋರಾಯಿತು. ಆಮೇಲೆ ತಟ್ಟನೆ ನಿಂತಿತು.

ಬಿಸಿಲು ಇಳಿಯುವ ಹೊತ್ತಿಗೆ ನಳದ ಹತ್ತಿರ ಗದ್ದಲ. ಅಜಯಕುಮಾರ ಹೊರಗೆ ಬಂದ. ಮಾಸ್ತರರು, ಹುಡುಗರು, ಆಫೀಸಿನ ಫರ್ಹಾನಾ ಮೇಡಂ, ಎಲ್ಲರೂ ಸರದಿಯಲ್ಲಿ ಕೈಕಾಲು ತೊಳೆಯುತ್ತಿದ್ದರು.

ಫರ್ಹಾನಾಳ ಕಣ್ಣು ಬೆಂಚಿನ ಮೇಲೆ ಬಿತ್ತು. "ಯವ್ವಾ! ಹುಚ್ಚೀರಪ್ಪಜ್ಜಾರ, ಇಲ್ಲಿ ಕುಂತೀರೇನ್ರಿ? ನಿಮ್ಮ ಹಾದಿ ಕಾದು ಕಾದು..."

ಮುದುಕ ಅವಳ ಒದ್ದೆ ಕೈ ನೋಡಿದ. ಉಗುರಿನ ಸಂದಿಯಲ್ಲಿ ಇನ್ನೂ ಕರಿಮಣ್ಣಿತ್ತು. ಕಿಸೆಯ ಊದಿನಕಡ್ಡಿಯನ್ನು ಮುಷ್ಟಿಯಲ್ಲಿ ಹಿಡಿದು ಮುರಿದ.

"ಅದಿರಲಿ ಮೇಡಂ," ಅಜಯಕುಮಾರ ಗುಡುಗಿದ. "ನನ್ನ ಜವಾನ ಎಲ್ಲಿ ಸತ್ತಿದ್ದಾನೆ?"

"ನಿನ್ನಿ ರಾತ್ರಿ, ಮನಿಯಾಗ, ಸರ. ಗುಣಿ ತೆರದ ಇಟ್ಕೊಂಡು ಅವನ ಅಣ್ಣಾರ ದಾರಿ ಕಾದ್ವಿ. ಈಗಷ್ಟ ಹನುಮಪ್ಪಗ ಮಣ್ಣ ಕೊಟ್ಟು ಬಂದ್ವಿ."