ಹಗ್ಗದ ಕೋಣೆಯ ಹಲಗೆ

ಹಲಗೆಯ ಮೇಲೆ ಕೆತ್ತಿದ್ದ ಹೆಸರು ತಂಗಿಯದು.

ಮರಿಗೋ ಅಂಗೈಯಿಂದ ಧೂಳು ಒರೆಸಿ ಮತ್ತೊಮ್ಮೆ ಓದಿದಳು. ‘ಫ್ರೋಸೋ, ಬಂದೇ ಬರುತ್ತೇನೆ. 1943.’ ಹಡಗಿನ ಮೂತಿಯ ಕಡೆ, ಹಗ್ಗ ತುಂಬಿಡುವ ಕತ್ತಲೆ ಕೋಣೆ ಅದು. ಸುರುಳಿಗಳ ಹಿಂದೆ ಯಾವ ಕಾಲದ್ದೋ ಮಲಗುವ ಅಟ್ಟಣೆಗಳು. ಮಲಗಿದವನ ಕಣ್ಣಿಗೆ ಮಾತ್ರ ಬೀಳುವ ಅಂಚಿನಲ್ಲಿ, ಚಾಕುವಿನ ಮೊನೆಯಿಂದ ಕೆತ್ತಿದ ಗ್ರೀಕ್ ಅಕ್ಷರಗಳು.

ಕೆತ್ತಿದವನು ಯಾರೆಂದು ಯಾರನ್ನೂ ಕೇಳಬೇಕಾಗಿರಲಿಲ್ಲ. “ಯುದ್ಧದ ಕಾಲದಲ್ಲಿ ಈ ಹಡಗಿನಲ್ಲಿದ್ದ ಗ್ರೀಕ ನಾನೊಬ್ಬನೇ” ಎಂದು ಅವಳ ಗಂಡ ಸ್ಟಮಾತಿಸ್ ತಮ್ಮ ದ್ವೀಪ ಖಿಯೋಸಿನ ಕಾಫಿ ಅಂಗಡಿಗಳಲ್ಲೆಲ್ಲ ಎದೆ ತಟ್ಟಿ ಹೇಳಿಕೊಂಡಿದ್ದ.

ಹಡಗನ್ನು ಕಟ್ಟಿಸಿದ್ದು ಬ್ರಿಟಿಷ್ ಸರ್ಕಾರ. ಯುದ್ಧ ಮುಗಿದ ಮೇಲೆ ನಾರ್ವೆಯವರು ಕೊಂಡರು. ಅವರಿಂದ ಖಿಯೋಸಿನ ಸಾಹುಕಾರನೊಬ್ಬ ಕೊಂಡು ತನ್ನ ತಾಯಿಯ ಹೆಸರಿಟ್ಟ. ಕೊನೆಗೆ ಪನಾಮಾ ಬಾವುಟದ ಯಾರೋ. ಹಡಗಿನ ಪ್ರತಿ ಮದುವೆಗೂ ಹೊಸ ಹೆಸರು, ಹೊಗೆಕೊಳವೆಗೆ ಹೊಸ ಬಣ್ಣ. ಎಂಜಿನ್ ಕೋಣೆಯ ಕೆಲಸಗಾರ ಸ್ಟಮಾತಿಸ್ ಮಾತ್ರ ವರದಕ್ಷಿಣೆಯ ಪೆಟ್ಟಿಗೆಯಂತೆ ಒಬ್ಬ ಗಂಡನಿಂದ ಇನ್ನೊಬ್ಬನಿಗೆ ಹಡಗಿನ ಜೊತೆಯಲ್ಲೇ ಸಾಗಿದ. ಈಗ ಪಿರೇಯಸ್ ಬಂದರಿನ ಪಕ್ಕದ ಪೆರಾಮಾದಲ್ಲಿ ಅದನ್ನು ಒಡೆಯುವವರು ಕೊಂಡಿದ್ದರು. ಒಡೆಯುವ ಮುನ್ನ ಹಳೆಯ ಕೆಲಸಗಾರರು ನೆನಪಿಗೊಂದು ಬಾಗಿಲನ್ನೋ ದೀಪವನ್ನೋ ಒಯ್ಯುವುದು ವಾಡಿಕೆ. ಮರಿಗೋಗೆ ಅಡುಗೆಮನೆಗೊಂದು ಹಲಗೆ ಬೇಕಿತ್ತು.

ಫ್ರೋಸೋಗೆ ಏನೂ ಬೇಕಿರಲಿಲ್ಲ. “ಸುಮ್ಮನೆ ನೋಡ್ತೀನಿ ಅಕ್ಕ” ಎಂದು ಜೊತೆಗೆ ಹೊರಟಿದ್ದಳು.

ಸುಮ್ಮನೆ! ಸ್ಟಮಾತಿಸ್ ರಜೆಗೆ ಬಂದನೆಂದರೆ ಮನೆಗೆ ಮೊದಲು ಓಡಿ ಬರುತ್ತಿದ್ದವಳು ಅವಳೇ. “ಭಾವ, ಪೋರ್ಟ್ ಸೈದಿನ ಕಥೆ ಹೇಳು.” ಅವನು ನೂರನೆಯ ಬಾರಿಯೂ ಹೊಸದೆಂಬಂತೆ ಹೇಳುತ್ತಿದ್ದ. ಜರ್ಮನ್ನರ ಕಣ್ಣು ತಪ್ಪಿಸಿ ತಾನೂ ಕ್ಷೌರಿಕನ ಮಗ ಪಾನಾಗೋಸನೂ ಒಂದೇ ದೋಣಿಯಲ್ಲಿ ಓಡಿಹೋದದ್ದು. ಈಜಿಪ್ಟಿನ ಪೋರ್ಟ್ ಸೈದಿನಲ್ಲಿ ಅವನೊಂದು ಹಡಗು, ತಾನೊಂದು ಹಡಗು ಹತ್ತಿದ್ದು. ಅವನ ಹಡಗಿಗೆ ಟಾರ್ಪೆಡೋ ಬಡಿದದ್ದು, ತಾನು ಉಳಿದದ್ದು. ಅಲ್ಲಿಗೆ ಬಂದಾಗಲೆಲ್ಲ ಫ್ರೋಸೋ ಕಣ್ಣೊರೆಸಿಕೊಳ್ಳುತ್ತಿದ್ದಳು.

ಅಕ್ಕನ ಗಂಡ ಉಳಿದದ್ದಕ್ಕೆ ತಂಗಿಗೆ ಇಷ್ಟೊಂದು ಕಣ್ಣೀರೇ?

ಬಂದ ಗಂಡುಗಳನ್ನೆಲ್ಲ ಅವಳು ಒಂದೇ ಮಾತಿನಲ್ಲಿ ವಾಪಸು ಕಳಿಸಿದ್ದಳು. “ಮಾತು ಕೊಟ್ಟಿದೀನಿ.” ಯಾರಿಗೆ ಎಂದು ಅಪ್ಪ ಹೊಡೆದು ಕೇಳಿದರೂ ಬಾಯಿ ಬಿಟ್ಟಿರಲಿಲ್ಲ. ಈಗ ಮರಿಗೋಗೆ ಎಲ್ಲ ತಿಳಿಯಿತು. ಅವರ ದ್ವೀಪದಲ್ಲಿ ಮನೆ ಹೋಗುವುದು ಹಿರಿಯ ಮಗಳಿಗೆ. ಸ್ಟಮಾತಿಸ್ ಮಾತು ಕೊಟ್ಟದ್ದು ಕಿರಿಯಳಿಗೆ, ಕಟ್ಟಿಕೊಂಡದ್ದು ಮನೆಯನ್ನು.

ಅವಳು ಕಬ್ಬಿಣದ ಸರಳು ತೂರಿಸಿ ಹಲಗೆಯನ್ನು ಎಬ್ಬಿಸಿದಳು. ಮೊಣಕಾಲಿಗೆ ಒತ್ತಿ ಮುರಿದಳು. ಬಾಗಿಲಾಚೆ ಕೆಲಸಗಾರರು ಕಾಫಿಗೆಂದು ತಗಡಿನ ಡಬ್ಬದಲ್ಲಿ ಬೆಂಕಿ ಮಾಡಿ ಎಲ್ಲೋ ಹೋಗಿದ್ದರು. ಎರಡು ತುಂಡನ್ನೂ ಅದಕ್ಕೆ ತುರುಕಿದಳು. ಬಣ್ಣ ಗುಳ್ಳೆಯೆದ್ದಿತು. ‘ಬಂದೇ’ ಮೊದಲು ಹೋಯಿತು. ‘ಫ್ರೋಸೋ’ ಉರಿದು ಕಪ್ಪಾಗುವವರೆಗೂ ಅವಳು ಅಲ್ಲಿಂದ ಕದಲಲಿಲ್ಲ.

ಮೇಲೆ ಬಂದು ಹಿಂಭಾಗಕ್ಕೆ ನಡೆಯುವಾಗ, ಹಡಗಿನ ಅಡ್ಡಕ್ಕೆ ಬೆರಳು ದಪ್ಪ ಉಬ್ಬಿದ್ದ ಬೆಸುಗೆಯೊಂದನ್ನು ಎಡವಿದಳು. ಬೆಳಿಗ್ಗೆಯೂ ಅಲ್ಲೇ ಎಡವಿದ್ದಳು. “ಹುಷಾರು, ಮುದುಕಿಗೆ ಆಪರೇಷನ್ ಆಗಿದೆ” ಎಂದು ಸ್ಟಮಾತಿಸ್ ಆಗ ಹಡಗನ್ನು ತಟ್ಟಿ ನಕ್ಕಿದ್ದ.

ಈಗ ಅವನು ಕಳಚಿದ ಬಾಗಿಲಿಗೆ ಹಗ್ಗ ಕಟ್ಟುತ್ತಿದ್ದ. ಫ್ರೋಸೋ ಪಕ್ಕದಲ್ಲಿ ಕೂತು ಗಂಟಿಗೆ ಬೆರಳು ಕೊಟ್ಟಿದ್ದಳು. ಎಷ್ಟು ಹತ್ತಿರ!

“ಹಲಗೆ ಸಿಕ್ತಾ?” ಎಂದ.

“ಸಿಕ್ತು. ಹುಳ ಹಿಡಿದಿತ್ತು. ಸುಟ್ಟುಹಾಕಿದೆ.”

“ಎಲ್ಲಿಂದ ಕಿತ್ತೆ?”

“ಮೂತಿ ಕಡೆಯ ಹಗ್ಗದ ಕೋಣೆಯಿಂದ. ನಿನಗೆ ಗೊತ್ತಿರೋ ಜಾಗಾನೇ.”

ಸ್ಟಮಾತಿಸನ ಕೈ ನಿಂತಿತು. ಎದೆಯ ಮೇಲೆ ಶಿಲುಬೆ ಗುರುತು ಮಾಡಿಕೊಂಡ. “ಅಲ್ಲಿಗ್ಯಾಕೆ ಹೋದೆ ಮಾರಾಯ್ತಿ! ಇಷ್ಟು ವರ್ಷದಲ್ಲಿ ನಾನೇ ಅದರೊಳಗೆ ಕಾಲಿಟ್ಟಿಲ್ಲ.”

“ಹೌದಾ?” ಮರಿಗೋ ನಕ್ಕಳು. “ಯಾರು ಬೇಡ ಅಂದಿದ್ರೋ?”

“ಆ ಮೂತಿ ಈ ಹಡಗಿನದ್ದೇ ಅಲ್ಲ ಕಣೆ. ಬಂದ ಯಜಮಾನರೆಲ್ಲ ನಮ್ಮ ಬಾಯಿಗೆ ಬೀಗ ಹಾಕಿಸಿದ್ರು. ಸತ್ತವರ ಮೂತಿ ಅಂಟಿಸಿಕೊಂಡ ಹಡಗು ಅಂದ್ರೆ ಯಾವ ನಾವಿಕ ಹತ್ತುತ್ತಾನೆ? ಈಗ ಹೇಳಿದ್ರೆ ಏನಾಯ್ತು, ನಾಳೆ ಗುಜರಿ.” ಅವನು ಬೆಸುಗೆಯ ಕಡೆ ಗದ್ದ ಚಾಚಿ ತೋರಿಸಿದ. “ನಮ್ಮ ಮೂತಿಯನ್ನ ಕಡಲಬಾಂಬು ಹಾರಿಸಿತ್ತು. ಇನ್ನೊಂದು ಹಡಗಿನ ಹಿಂಭಾಗ ಮುಳುಗಿ, ಮೂತಿ ಮಾತ್ರ ತೇಲ್ತಿತ್ತು. ಇಂಗ್ಲಿಷರು ಎಳಕೊಂಡು ಬಂದು ಎರಡನ್ನೂ ಸೇರಿಸಿ ಹೊಲಿದರು.”

“ಯಾವ ಹಡಗು, ಭಾವ?” ಕೇಳಿದವಳು ಫ್ರೋಸೋ.

“ಅದೇ, ಪಾಪ, ನಮ್ಮ ಪಾನಾಗೋಸ್ ಹತ್ತಿದ್ನಲ್ಲ, ಅದು.”

ಗಂಟಿನಿಂದ ಬೆರಳು ಜಾರಿತು. ಫ್ರೋಸೋ ನಿಧಾನಕ್ಕೆ ಎದ್ದಳು. ಮೂತಿಯ ಕಡೆಯಿಂದ ಸುಟ್ಟ ಬಣ್ಣದ ವಾಸನೆ ಗಾಳಿಯಲ್ಲಿ ತೇಲಿ ಬರುತ್ತಿತ್ತು. ಅವಳು ಅಕ್ಕನ ಎರಡೂ ಕೈ ಹಿಡಿದುಕೊಂಡಳು. ಆ ಕೈಗಳಿಗೆ ಮಸಿ ಹತ್ತಿತ್ತು.

“ಅಕ್ಕ, ನೀನು ಈಗ ಅಲ್ಲಿಂದಾನೇ ಬಂದೆಯಲ್ಲ... ಅಲ್ಲಿ ಅವನದ್ದು ಏನಾದ್ರೂ ಉಳಿದಿತ್ತಾ?”